ಒಂದು ಚಮಚವನ್ನೂ ಮುಟ್ಟದ ನುನ್ಸಿಯಾ

ಕಡಲ ದಂಡೆಯ ತ್ರಾಪನಿ ಊರಿನ ನುನ್ಸಿಯಾಗೆ ಎಪ್ಪತ್ತೆರಡಾದರೂ ಮೀನಿನಂಗಡಿಯಲ್ಲಿ ಜಗಳವಾಡದ ದಿನವಿಲ್ಲ. ಅರ್ಜೆಂಟೀನಾದಲ್ಲಿ ತೀರಿಕೊಂಡ ಅಣ್ಣ ಗಾಸ್ಪಾರೆ ತನ್ನ ಮನೆಯ ಅರ್ಧ ಪಾಲನ್ನು ಇವಳಿಗೆ ಬರೆದಿಟ್ಟಿದ್ದ. "ಅತ್ತಿಗೆ ಇರೋ ಮನೆ ನಂಗ್ಯಾಕೆ?" ಎಂದು ಇವಳು ಹಕ್ಕು ಬಿಟ್ಟ ಪತ್ರ ಬರೆಸಲು ನೋಟರಿಯ ಬಳಿ ಹೋದಳು.

"ನಿಮ್ಮಣ್ಣಂದೊಂದು ಚಮಚ ತಗೊಂಡಿದ್ರೂ ಪಾಲು ಒಪ್ಕೊಂಡ ಹಾಗೇ, ಆಮೇಲೆ ಬಿಡೋಕಾಗಲ್ಲ, ನೆನಪಿರಲಿ" ಎಂದರು ನೋಟರಿ.

"ಚಮಚನಾ? ಮುಟ್ಟೇ ಇಲ್ಲ!" ಎಂದು, ಏನನ್ನೂ ತಗೊಂಡಿಲ್ಲವೆಂದು ಬರೆದ ಪತ್ರಕ್ಕೆ ಸಹಿ ಹಾಕಿ ಹೊರಗೆ ಬಂದ ಮೇಲೆ ಅವಳಿಗೆ ಅಮ್ಮನ ಕಾಫಿ ಪಾತ್ರೆ ನೆನಪಾಯಿತು. ಊರು ಬಿಡುವಾಗ ಅಣ್ಣ ಹೇಳದೆ ಕೇಳದೆ ಒಯ್ದಿದ್ದ ಅದನ್ನು ಅವನು ತೀರಿಕೊಂಡ ಮೇಲೆ ಅತ್ತಿಗೆ ಕಳೆದ ತಿಂಗಳಷ್ಟೇ ಪಾರ್ಸೆಲ್ ಮಾಡಿದ್ದಳು.

ಕಾಗದ ಅರ್ಜೆಂಟೀನಾದಲ್ಲಿ ನಡೆಯಬೇಕಾದರೆ ಅಪೊಸ್ಟೀಲ್ ಮೊಹರು ಬೇಕು. ಅದನ್ನು ಹಾಕಿಸಲು ಕೋರ್ಟಿಗೆ ಹೋಗಿ ಗುಮಾಸ್ತನನ್ನು ಕೇಳಿದಳು.

"ಈ ಮೊಹರು ಬಿದ್ರೆ ಒಳಗೆ ಬರ್ದಿರೋದೆಲ್ಲ ನಿಜ ಅಂತಲಾ?"

"ಅಲ್ಲಮ್ಮ, ಸಹಿ ನೋಟರಿಯವರದ್ದೇ ಅಂತ, ಅಷ್ಟೇ" ಎಂದ ಗುಮಾಸ್ತ.

"ಮೊದ್ಲೇ ಹೇಳೋಕೇನಾಗಿತ್ತು ನಿಮಗೆ!" ಎಂದು ಅವನನ್ನೇ ಗದರಿ ಮನೆಗೆ ಬಂದು, ಅದೇ ಪಾತ್ರೆಯಲ್ಲಿ ಕಾಫಿ ಮಾಡಿ, ಒಂದು ಕಪ್ಪನ್ನು ಅಣ್ಣನ ಫೋಟೋದ ಮುಂದಿಟ್ಟಳು.

"ಕುಡಿಯೋ ಕಳ್ಳ. ಮನೆ ನಿನ್ನ ಹೆಂಡ್ತಿಗೆ, ಪಾತ್ರೆ ನಂಗೆ."