ಥೋರಾಳ ಸೋಮವಾರದ ಒಗೆತ

ಕೆನಡಾದ ಸಸ್ಕಾಚೆವಾನ್ ಬಯಲಿನಲ್ಲಿ ಗುಟ್ಟು ಬಚ್ಚಿಡಲು ಒಂದು ದಿಬ್ಬವೂ ಇಲ್ಲ. ಯಾರ ಮನೆಯ ಹಗ್ಗದ ಮೇಲೆ ಏನು ತೂಗುತ್ತಿದೆ ಎಂಬುದು ಮೈಲಿಯಾಚೆಗೂ ಕಾಣುತ್ತದೆ. ಸೋಮವಾರವೆಂದರೆ ಒಗೆತದ ದಿನ. ಅಂದು ಯಾರ ಬಟ್ಟೆ ಮೊದಲು ಹಗ್ಗ ಏರುತ್ತದೋ ಆ ವಾರವೆಲ್ಲ ಆಕೆಯದೇ ದರ್ಬಾರು. ಹನ್ನೊಂದು ವರ್ಷದಿಂದ ಆ ಪಟ್ಟ ಥೋರಾಳದು.

ಹಾಗೆಂದು ಅವಳಿಗೆ ಬೇರೆ ಕೆಲಸವಿರಲಿಲ್ಲವೆಂದಲ್ಲ. ಎರಡು ಹಸುಗಳ ಹಾಲು ಕರೆಯಬೇಕು, ಕೆನೆ ತೆಗೆಯಬೇಕು, ಕುಕ್ಕಿದರೂ ಬಿಡದೆ ಕೋಳಿಗಳ ಕೆಳಗೆ ಕೈಹಾಕಿ ಮೊಟ್ಟೆ ತರಬೇಕು. ಶನಿವಾರ ಬಿಸಿ ಬ್ರೆಡ್ಡಿನ ತುದಿ ಕೊಯ್ದು, ಬೆಣ್ಣೆ ಸವರಿ, ಗಂಡ ಹಾಲ್ವರ್ ಬರುವ ಮುನ್ನ ನಿಂತೇ ತಿಂದು ಮುಗಿಸುವ ಸುಖವೂ ಇತ್ತು. ಆದರೆ ಸೋಮವಾರದ ಗೆಲುವಿನ ಮುಂದೆ ಅದೆಲ್ಲ ಸಪ್ಪೆ.

ಆ ವರ್ಷ ಪಕ್ಕದ ಜಮೀನಿಗೆ ಉಕ್ರೇನಿನ ಪರಾಸ್ಕಾ ಬಂದಳು. ಸಾಲಾಗಿ ಮೂರು ಸೋಮವಾರ, ಥೋರಾ ನೀರು ಕಾಯಿಸುವಷ್ಟರಲ್ಲೇ ಆಕೆಯ ಹಗ್ಗ ತುಂಬಿತ್ತು.

"ಇನ್ನೊಂದು ವಾರ ಹಿಂಗಾದ್ರೆ ಚರ್ಚಲ್ಲಿ ನಾನು ಹೆಂಗೆ ತಲೆ ಎತ್ಲಿ?"

"ಬಟ್ಟೆ ಒಣಗಿದ್ರೆ ಸಾಲದೇನೇ?" ಎಂದ ಹಾಲ್ವರ್.

"ನೀನು ಸುಮ್ನಿರು. ಪಕ್ಕದೋನ ಗೋಧಿ ನಿಂದಕ್ಕಿಂತ ಒಂದಿನ ಮುಂಚೆ ಕುಯ್ಲಾದಾಗ ಎಷ್ಟು ರಂಪ ಮಾಡಿದ್ದೆ!"

ಹಾಲ್ವರ್ ಟೋಪಿ ಎತ್ತಿಕೊಂಡು ಕೊಟ್ಟಿಗೆಯ ಕಡೆ ಹೊರಟ.

ಡಿಸೆಂಬರಿನ ಮೊದಲ ಸೋಮವಾರ ಥೋರಾ ನೀರು ಕಾಯಿಸುವ ಗೋಜಿಗೇ ಹೋಗಲಿಲ್ಲ. ಬೀರುವಿನಲ್ಲಿ ಮಡಿಸಿಟ್ಟಿದ್ದ ಒಣ ಬಟ್ಟೆಗಳನ್ನೇ ತಂದು ಹಗ್ಗಕ್ಕೆ ಸಿಕ್ಕಿಸಿದಳು. ಪರಾಸ್ಕಾಳ ಹಗ್ಗ ಇನ್ನೂ ಖಾಲಿ! ಥೋರಾ ಅಡುಗೆಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ಬೀಗಿದಳು.

ಎಂಟಕ್ಕೆ ಫೋನು ಬಡಿದುಕೊಂಡಿತು. ಆ ದಾರಿಯ ಒಂಬತ್ತು ಮನೆಗೂ ಒಂದೇ ತಂತಿ. ಒಬ್ಬರಿಗೆ ಬಂದ ಫೋನನ್ನು ಉಳಿದವರೆಲ್ಲ ಉಸಿರು ಬಿಗಿಹಿಡಿದು ಕೇಳುವುದು ಅಲ್ಲಿನ ರೂಢಿ.

"ಥೋರಾ, ಯಾವ ಸೋಪು ಹಾಕ್ತೀರಿ?" ಪರಾಸ್ಕಾಳ ದನಿ. "ನನ್ನ ಬಟ್ಟೆ ಹಗ್ಗಕ್ಕೆ ಹಾಕ್ತಿದ್ದಂಗೇ ಹೆಪ್ಪುಗಟ್ಟಿ ಹಲಗೆ ಆಗಿವೆ. ನಿಮ್ಮವು ಪಟಪಟ ಅಂತ ಕುಣೀತಿವೆ!"

ಥೋರಾ ಕಿಟಕಿಯಾಚೆ ನೋಡಿದಳು. ಇಷ್ಟು ಚಳಿಯಲ್ಲಿ ಒದ್ದೆ ಬಟ್ಟೆ ಹಾಗೆ ಹಾರುವುದುಂಟೇ? ಹುಟ್ಟಿದಾಗಿನಿಂದ ಹಿಮ ಕಂಡವಳಿಗೆ ಇಷ್ಟೂ ಹೊಳೆದಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಒಗೆದೇ ಇಲ್ಲ ಪರಾಸ್ಕಾ. ಬೀರುವಿಂದ ತಂದು ಹಾಕ್ದೆ. ನಿಮ್ಮ ಮುಂದೆ ಸೋಲಕ್ಕೆ ಮನಸ್ಸಾಗ್ಲಿಲ್ಲ."

ಪರಾಸ್ಕಾ ಕಿಸಕ್ಕನೆ ನಕ್ಕಳು. "ಅಯ್ಯೋ, ನಾನೇನು ಕಮ್ಮೀನಾ? ಭಾನುವಾರ ಸಂಜೇನೇ ಒಗೆದು ತೊಟ್ಟೀಲಿ ಮುಚ್ಚಿಡ್ತೀನಿ. ಇವತ್ತು ಎದ್ದಿದ್ದು ತಡ ಆಯ್ತು, ಅಷ್ಟೇ."

ಕೆಲಸ ಮುಟ್ಟಬಾರದ ದೇವರ ದಿನ ಒಗೆತವೇ! ತಂತಿಯಲ್ಲಿ ಯಾರೋ ಉಸಿರೆಳೆದುಕೊಂಡರು. ಮರುಕ್ಷಣವೇ ಪಾದ್ರಿಯ ಹೆಂಡತಿ ಸೆಲ್ಮಾಳ ದನಿ ಚಿಮ್ಮಿತು: "ಹಂಗಾದ್ರೆ ಇವತ್ತು ಮೊದಲು ನಾನೇ!"

ಕದ್ದು ಕೇಳುತ್ತಿದ್ದುದನ್ನು ತಾನೇ ಸಾರಿಕೊಂಡೆನೆಂದು ಆಕೆಗೆ ಹೊಳೆಯುವಷ್ಟರಲ್ಲಿ ಒಂಬತ್ತು ಮನೆಗಳೂ ನಗುತ್ತಿದ್ದವು. ಥೋರಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಹನ್ನೊಂದು ವರ್ಷದ ಭಾರ ಇಳಿದು ಅವಳಿಗೆ ನಿಜಕ್ಕೂ ಹಗುರವೆನಿಸಿತ್ತು.

ಅಂದು ಅವಳ ನಿಜವಾದ ಒಗೆತ ಹಗ್ಗ ಏರಿದ್ದು ಮಧ್ಯಾಹ್ನ ಎರಡಕ್ಕೆ, ಎಲ್ಲರಿಗಿಂತ ಕೊನೆಗೆ. ಹಾಲ್ವರ್‌ನ ಕತ್ತಿನಿಂದ ಕಣಕಾಲಿನವರೆಗಿನ ಒಳಉಡುಪು ಹೆಪ್ಪುಗಟ್ಟಿ ಸೆಟೆದು ನಿಂತಾಗ ಅದನ್ನು ಹಗ್ಗದಿಂದ ಬಿಡಿಸಿ, ಅದರ ತೋಳು ಹಿಡಿದು, ಯಾರು ನೋಡಿದರೂ ನೋಡಲಿ ಎಂದು ಹಿಮದ ಮೇಲೆ ಎರಡು ಸುತ್ತು ಕುಣಿದಳು.