ಅಕ್ಕ ಕದ್ದು ತುಳಿದ ಮಷಿನ್

ಮೊನ್ನೆ ಬಾಗಿಲು ಕಿರುಗುಟ್ಟುತ್ತದೆಂದು ಬಿಜಾಗರಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟೆ. ಬೆರಳಿಗಂಟಿದ ವಾಸನೆ ಸೋಪು ಹಚ್ಚಿದರೂ ಹೋಗಲಿಲ್ಲ. ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು...

ಎಪ್ಪತ್ತರ ದಶಕದ ಕೊನೆ. ಆಕೆಗೆ ಹತ್ತೊಂಬತ್ತಿರಬೇಕು, ನನಗೆ ಹನ್ನೆರಡು. ಹುಟ್ಟುವಾಗಲೇ ಆಕೆಯ ಹೃದಯದಲ್ಲಿ ತೂತಿತ್ತು. ತುಟಿ, ಉಗುರು ನೇರಳೆಹಣ್ಣು ತಿಂದವರ ಹಾಗೆ. ನಾಲ್ಕು ಮನೆ ದಾಟುವುದರೊಳಗೆ ಏದುಸಿರು ಬಂದು ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ಕೂಡ್ಲಿಗಿಯ ಡಾಕ್ಟರೊಬ್ಬರು ಓಡಬಾರದು, ಭಾರ ಎತ್ತಬಾರದು ಅಂದಿದ್ದರಂತೆ. ಮನೆಯವರು ಹೆದರಿ ತಾವೇ ಇನ್ನಷ್ಟು ಸೇರಿಸಿದರು: ಕಸ ಗುಡಿಸಬಾರದು, ಹೊಸ್ತಿಲು ದಾಟಬಾರದು.

ಅವರ ಪಡಸಾಲೆಯಲ್ಲಿ ಒಂದು ಹೊಲಿಗೆ ಮಷಿನ್ ಇತ್ತು. ಅವರವ್ವ ಹೊಲಕ್ಕೆ ಹೋದಾಗ ಅಕ್ಕ ಕದ್ದು ತುಳಿಯುತ್ತಿದ್ದಳು. ಒಂದು ಗೇಣು ಹೊಲಿದು, ಉಸಿರು ತಗೊಂಡು, ಮತ್ತೊಂದು ಗೇಣು.

"ಸುಮ್ನ ಕುಂತ್ರ ಕಾಲು ತಣ್ಣಗಾಗ್ತಾವ. ತುಳದ್ರ ಬೆಚ್ಚಗಾಗ್ತಾವ ನೋಡು. ಅವ್ವಗ ಹೇಳಬ್ಯಾಡ" ಎಂದಿದ್ದಳು.

ಹೇಳಿದವಳು ನಾನೇ. ನನಗೊಂದು ಲಂಗ ಹೊಲಿದುಕೊಡುತ್ತೇನೆಂದಿದ್ದಳು, ಹೇಳಿದ ದಿನಕ್ಕೆ ಮುಗಿದಿರಲಿಲ್ಲ. ಆ ಸಿಟ್ಟಿಗೆ, ಅವರವ್ವ ಹೊಲದಿಂದ ಬರುವುದನ್ನೇ ಕಾದು, "ದೊಡ್ಡವ್ವ, ನೀವಿಲ್ಲದಾಗ ಅಕ್ಕ ಮಷಿನ್ ತುಳಿತಾಳ್ರಿ" ಎಂದೆ.

ದೊಡ್ಡವ್ವ ಬೈಯಲಿಲ್ಲ, ಅತ್ತರು. ಆ ವಾರವೇ ಮಷಿನ್ ಹಗರಿಬೊಮ್ಮನಹಳ್ಳಿಯ ನೆಂಟರ ಮನೆಗೆ ಹೋಯಿತು. ಅದನ್ನು ಬಂಡಿಗೆ ಏರಿಸುವಾಗ ಅಕ್ಕ ಹೊರಗೆ ಬರಲಿಲ್ಲ.

ಆಮೇಲೆ ಎರಡು ವರ್ಷ ಆಕೆ ಮಂಚದ ಮೇಲೇ ಇದ್ದಳು. ಮೀನಖಂಡ ಕರಗಿ ಕಾಲು ಕಡ್ಡಿಯಾದವು, ಪಾದ ಊದಿದವು. ಬಚ್ಚಲಿಗೂ ಗೋಡೆ ಹಿಡಿದೇ ಹೋಗಬೇಕಾಯಿತು... ಒಮ್ಮೆ ನನ್ನ ಮೈಮೇಲಿದ್ದ ಹೊಸ ಲಂಗ ನೋಡಿ ಕೇಳಿದಳು: "ಯಾರು ಹೊಲಿದ್ರು?"

"ಸಂತ್ಯಾಗ ತಂದದ್ದು."

"ಚಲೋ ಐತಿ" ಎಂದು ಗೋಡೆ ಕಡೆ ಹೊರಳಿದಳು.

ಎರಡನೇ ವರ್ಷದ ಮಳೆಗಾಲ ಮುಗಿಯುವುದರೊಳಗೆ ಹೋದಳು. ಹೃದಯದ ತೂತೇ ಕೊಂದಿತು ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡು ಇಷ್ಟು ವರ್ಷ ಆರಾಮಾಗಿ ಇದ್ದೆ.

ಈಗ ನನ್ನ ಕಾಲುಗಳೂ ಊದುತ್ತಿವೆ. ಹೋದ ತಿಂಗಳು ಡಾಕ್ಟರು ಹಿಮ್ಮಡಿ ಎತ್ತಿ ಇಳಿಸುವುದನ್ನು ಕಲಿಸಿ, "ಮೀನಖಂಡ ಗಟ್ಟಿ ಇದ್ರ ರಕ್ತಾನ ಮ್ಯಾಲಕ್ಕ ತಳ್ತೈತ್ರಿ, ಹೃದಯಕ್ಕ ಅಷ್ಟು ಆಸರ" ಎಂದರು. ನಾನು ಅಕ್ಕನ ವಿಷಯ ಹೇಳಿದೆ. ಅಂಥವರಿಗೂ ಈಗ ತಪಾಸಣೆ ಮಾಡಿ, ತಾಳುವಷ್ಟು ಕಾಲಾಡಿಸಲು ಹೇಳುತ್ತೇವೆ ಎಂದರು. ಮಷಿನ್ ತುಳಿಯಲು ಬಿಟ್ಟಿದ್ದರೆ ಆಕೆ ಬದುಕುತ್ತಿದ್ದಳೇ ಎಂದು ಕೇಳಿದೆ. ಅದನ್ನು ಹೇಳಲಾಗದು, ಇದ್ದಷ್ಟು ದಿನ ತನ್ನ ಕಾಲ ಮೇಲೆ ಓಡಾಡಿಕೊಂಡು ಇರುತ್ತಿದ್ದಳೇನೋ ಎಂದರು.

ದೊಡ್ಡವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು. ಮಗಳನ್ನು ಜೋಪಾನ ಮಾಡಿದೆನೆಂದೇ ನಂಬಿ ಹೋದರು. ಇವತ್ತು ಅವರು ಎದುರಿಗೆ ಬಂದು ಕೂತರೂ ಡಾಕ್ಟರು ಅಂದದ್ದನ್ನು ಹೇಳುವ ಧೈರ್ಯ ನನಗಿಲ್ಲ.