ಅಲ್ಲಾಡಿಸಬಾರದ ಸೀಸೆ

ಆ ಶನಿವಾರ ಮಧ್ಯಾಹ್ನ ನಾನು ಶೇಂಗಾ ಹುರಿಯುತ್ತಿದ್ದೆ. ನನ್ನ ಯಜಮಾನರು ಕಲ್ಲಿನ ಮೆಟ್ಟಿಲ ಕೆಳಗಿನ ಗೂಡಿನಿಂದ ಆ ಸೀಸೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಪಡಸಾಲೆಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದರು.

ಅದು ಪೋರ್ಟ್ ವೈನ್, ಪರದೇಶದ ಸಿಹಿ ದ್ರಾಕ್ಷಿ ಮದ್ಯ. ಅವರು ಶಹಾಪುರದ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದಾಗ, ಊರು ಬಿಟ್ಟುಹೋದ ಮುದಿ ಡಾಕ್ಟರು ಕೊಟ್ಟದ್ದು. ಚೀಟಿಯ ಮೇಲಿದ್ದ ಇಸವಿ ನಾವಿಬ್ಬರೂ ಹುಟ್ಟುವುದಕ್ಕಿಂತ ಹಿಂದಿನದು. ಮಲಗಿಸಿಯೇ ಇಡಬೇಕು, ತೆರೆಯುವ ಮುಂಚೆ ಒಂದು ದಿನ ನಿಲ್ಲಿಸಬೇಕು, ಸೋಸಿ ಕುಡಿಯಬೇಕು, ತಳದ ಗಸಿ ಕದಡುತ್ತದೆ, ಅಲ್ಲಾಡಿಸಲೇಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಜೀವಮಾನವಿಡೀ ರೋಗಿಗಳಿಗೆ ‘ಅಲ್ಲಾಡಿಸಿ ಕುಡೀರಿ’ ಎಂದ ನನ್ನ ಯಜಮಾನರು ಇದೊಂದನ್ನು ಮೂವತ್ತು ವರ್ಷ ಅಲ್ಲಾಡಿಸಲಿಲ್ಲ. ಬೇಸಿಗೆಯಲ್ಲಿ ಅದಕ್ಕೆ ಹಸಿ ಗೋಣಿಚೀಲ ಹೊದಿಸುತ್ತಿದ್ದರು.

“ಬಾಣಂತನದಾಗ ನನ್ನೂ ಇಷ್ಟು ಜ್ವಾಪಾನ ಮಾಡಿಲ್ರಿ ನೀವು” ಎಂದೆ.

“ನೀ ಬೈತಿದ್ದಿ. ಇದು ಬೈಯಂಗಿಲ್ಲ. ನಾಳಿ ಸಂಜಿಮುಂದ ತೆರಿಯೂಣು. ಅದರಾಗ ಏನೇನ್ ರುಚಿ ಅದಾವ, ನಾ ಹೇಳ್ತೀನಿ ನಿನಗ.”

ಹೇಳಬಲ್ಲವರೇ. ಯಾವ ಔಷಧಿಯಾದರೂ ಒಂದು ಹನಿ ನಾಲಿಗೆಗೆ ಹಚ್ಚಿ, ಅದರಲ್ಲಿ ಬೆರೆತದ್ದನ್ನು ಹೇಳುತ್ತಿದ್ದರು.

ಭಾನುವಾರ ಬೆಳಿಗ್ಗೆ ನಾನು ಚಹಾ ತಂದಾಗ ಅವರು ಏಳಲಿಲ್ಲ.

ಸಾವಿನ ಮನೆಗೆ ಮಾತಾಡಿಸಲು ಬಂದವರೆಲ್ಲ ಆ ಸೀಸೆಯ ಪಕ್ಕವೇ ಕೂತು ಎದ್ದರು. ಯಾರೂ ಮುಟ್ಟಲು ನಾನು ಬಿಡಲಿಲ್ಲ. ಮೂರನೆಯ ತಿಂಗಳಲ್ಲಿ ಅವರ ತಂಗಿ, ನನ್ನ ನಾದಿನಿ, ಸುರಪುರದಿಂದ ಬಂದಳು. ಅವಳೆದುರೇ ತೆರೆದೆ. ಬಿರಡೆ ಪುಡಿಯಾಯಿತು. ಅವರ ಹಳೇ ಧೋತರದ ತುಂಡು ಕಟ್ಟಿ, ಉಸಿರು ಹಿಡಿದು ಸೋಸಿದೆ. ಬಟ್ಟೆಯ ಮೇಲೆ ಕಪ್ಪು ಗಸಿ ಉಳಿಯಿತು.

“ವೈನಿ, ಕೊಳ್ಳಾಗ ಲಿಂಗ ಕಟ್ಕೊಂಡು ಶೆರೆ ಕುಡಿತೀರೇನ್ರಿ?” ಎಂದಳು. ಆಮೇಲೆ ತಾನೇ ಒಂದು ಲೋಟ ಮುಂದೆ ಚಾಚಿ, “ನನಗೂ ಒಂದೀಟು ಹಾಕ್ರಿ. ಅಣ್ಣ ಇಟ್ಟಿದ್ದು ಅದ.”

ಬಣ್ಣ ಕೆಂಪಲ್ಲ, ಹಳೆ ಇಟ್ಟಿಗೆಯದು. ಮೊದಲು ಜೋನಿಬೆಲ್ಲ, ಆಮೇಲೆ ಒಣ ಅಂಜೂರ, ಆಮೇಲೆ ನನ್ನ ತಾಯಿಯ ಸಂದೂಕ ತೆರೆದಾಗಿನ ವಾಸನೆ. ನುಂಗಿದ ಮೇಲೂ ಅದು ಹೋಗಲಿಲ್ಲ. ಈ ದ್ರಾಕ್ಷಿ ಬಿಡಿಸಿದ ಕೈ, ತುಳಿದ ಕಾಲು ಯಾವುದೂ ಈಗ ಇರಲಾರದು. ಆ ಜನ ಕಂಡ ಬಿಸಿಲು ಮಾತ್ರ ನಮ್ಮ ಪಡಸಾಲೆಯಲ್ಲಿ, ನನ್ನ ನಾಲಿಗೆಯ ಮೇಲೆ ಇತ್ತು. ನಾದಿನಿ ಗುಡಿಯೊಳಗೆ ಹೋದವಳಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ವೈನಿ, ಇದರಾಗ ಇನ್ನಾ ಜೀವ ಅದರಿ” ಎಂದಳು, ದನಿ ತಗ್ಗಿಸಿ.

ಎಲ್ಲದರ ಕೊನೆಗೆ ಇನ್ನೊಂದು ರುಚಿ ಬಂತು. ಇಬ್ಬರಿಗೂ ಗುರುತು ಸಿಗಲಿಲ್ಲ. ಮತ್ತೊಂದು ಗುಟುಕು ಕುಡಿದು ನೋಡಿದೆವು. ಅದು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಹೇಳಬೇಕಾದವರು ಇಲ್ಲ.